ಗರ್ಭಕೋಶದ ಗಡ್ಡೆ: ತೆಗೆಸುವ ಮೊದಲು ಕೇಳೋಣ

(ಬೆಳ್ಳಿಹಬ್ಬದ ಮಹಿಳಾ ಗೋಷ್ಠಿಯಲ್ಲಿ ಸಂಘದ ನಿರ್ದೇಶಕಿಯೊಬ್ಬರು ಮಾಡಿದ ಭಾಷಣ)



ನಾವು ಎಸ್.ಎಸ್.ಎಲ್.ಸಿ. ಓದಿದವರು, ಡಾಕ್ಟರಲ್ಲ. ನಮ್ಮ ಮನೆಯಲ್ಲಿ ಕಂಡದ್ದನ್ನು ಹೇಳುತ್ತೇವೆ. ಗಂಡಸರ ಮುಂದೆ ಆಡೋ ಮಾತಾ ಇದು ಅಂತ ಯಾರೂ ತಲೆ ತಗ್ಗಿಸಬೇಡಿ. ಹಸುವಿಗೆ ಕೆಚ್ಚಲು ಬಾವು ಬಂದರೆ ಆ ಹೊತ್ತೇ ಡಾಕ್ಟರನ್ನು ಕರೆಸುತ್ತೇವೆ. ನಮಗೆ ಹತ್ತು ದಿನ ಮುಟ್ಟು ನಿಲ್ಲದಿದ್ದರೂ ಸುಮ್ಮನೆ ಹುಲ್ಲು ಕುಯ್ಯುತ್ತಾ ಇರುತ್ತೇವೆ.

ನಮ್ಮ ಓರಗಿತ್ತಿಗೆ ಆಗ 42 ವರ್ಷ. ಎರಡು ವರ್ಷ ಹೀಗೇ ಸಹಿಸಿಕೊಂಡಳು. ಹಾಲಿನ ಕ್ಯಾನ್ ಎತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಬರೀ 7. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆ ಕಂಡಿತು. ಮೊದಲು ಹೋದ ಕಡೆ, "ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ" ಅಂದರು. ಹೆದರಿ ಒಪ್ಪಿಕೊಂಡೂ ಬಂದೆವು. ಊರಿನ ಆಶಾ ಕಾರ್ಯಕರ್ತೆ, "ಇನ್ನೊಬ್ಬರನ್ನು ಕೇಳಿ ನೋಡಿ" ಅಂದದ್ದು ಒಳ್ಳೆಯದಾಯಿತು.

ಎರಡನೆಯ ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದರು. ಇಂಥ ಗಡ್ಡೆ ಕ್ಯಾನ್ಸರ್ ಆಗಿರುವುದು ಬಹಳ ಅಪರೂಪ. ಪೈರಿಗೆ ನೀರು, ಗೊಬ್ಬರ ಇದ್ದ ಹಾಗೆ ಗಡ್ಡೆಗೆ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು. ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಅದು ತಾನೇ ಸೊರಗುತ್ತದೆ. ಅಲ್ಲಿಯ ತನಕ ಔಷಧಿಯಿಂದ ತಡೆಯಬಹುದೇ ಎಂದು ಮೊದಲು ನೋಡಬೇಕು.

ಗರ್ಭಕೋಶದ ಒಳಪದರ ಪರೀಕ್ಷೆ ಮಾಡಿಸಿದರು, ತೊಂದರೆ ಇರಲಿಲ್ಲ. ಆಮೇಲೆ ತಿಂಗಳಿಗೊಂದರಂತೆ ಲ್ಯುಪ್ರೊಲೈಡ್ ಎಂಬ ಇಂಜೆಕ್ಷನ್ ಮೂರು ಕೊಟ್ಟರು, ಜೊತೆಗೆ ಕಬ್ಬಿಣಾಂಶದ ಮಾತ್ರೆ. ಮುಟ್ಟು ನಿಂತಿತು, ಗಡ್ಡೆ ಕುಗ್ಗಿತು, ಮೈಯಲ್ಲಿ ರಕ್ತ ತುಂಬಿತು. ಇದರಲ್ಲೂ ಕಷ್ಟವಿದೆ. ಮೈಯೆಲ್ಲ ಧಗಧಗ ಅಂದು ರಾತ್ರಿ ಬೆವರುತ್ತಿದ್ದಳು. ಹೆಚ್ಚು ಕಾಲ ಕೊಟ್ಟರೆ ಮೂಳೆ ಸವೆಯುತ್ತದೆ, ಹಾಗಾಗಿ ಇದೊಂದನ್ನೇ ಆರು ತಿಂಗಳಿಗಿಂತ ಹೆಚ್ಚು ಸಾಮಾನ್ಯವಾಗಿ ಕೊಡುವುದಿಲ್ಲ. ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯಬಹುದು. ಅದಕ್ಕೇ ಕೊನೆಗೆ ಹಾರ್ಮೋನ್ ಇರುವ ವಂಕಿ ಹಾಕಿದರು. ಅದು ಗಡ್ಡೆಯನ್ನು ಕರಗಿಸುವುದಿಲ್ಲ, ರಕ್ತ ಹೋಗುವುದನ್ನು ಕಡಿಮೆ ಮಾಡುತ್ತದೆ. ಈಗ ಅವಳೇ ಕ್ಯಾನ್ ಹೊತ್ತು ಡೈರಿಗೆ ಬರುತ್ತಾಳೆ.

ಆಪರೇಷನ್ನೇ ಬೇಡ ಅಂತ ನಾವು ಹೇಳುತ್ತಿಲ್ಲ. ಗಡ್ಡೆ ಬಹಳ ದೊಡ್ಡದಾದರೆ, ಔಷಧಿಗೆ ಬಗ್ಗದಿದ್ದರೆ ಬೇಕಾಗುತ್ತದೆ. ಕೆಲವರಿಗೆ ಗಡ್ಡೆ ಮಾತ್ರ ತೆಗೆಯಲಿಕ್ಕೂ ಆಗುತ್ತದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ನಮ್ಮಂಥ ಸಹಕಾರಿಗಳಿಗೆಂದೇ ಬಂದ ಯಶಸ್ವಿನಿ ಕಾರ್ಡು ದೊಡ್ಡ ಆಸರೆ, ನಿಜ. ಆದರೆ ಕಾರ್ಡು ಇದೆ, ಖರ್ಚಿಲ್ಲ ಅಂತ ಗರ್ಭಕೋಶ ತೆಗೆಸಿಕೊಳ್ಳುವುದು ಬೇಡ. ಹಾಗೆಯೇ ಹಬ್ಬ, ಜಾತ್ರೆಗೆ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ಕೇಳಿ ತರುವ ಮಾತ್ರೆಯೂ ಹಾರ್ಮೋನೇ. ಡಾಕ್ಟರಿಗೆ ತೋರಿಸದೆ ನುಂಗಬೇಡಿ.

ಗಂಡಸರಿಗೂ ಒಂದು ಮಾತು. ಮನೆಯಾಕೆ ಸುಸ್ತು ಅಂದರೆ ಸೋಮಾರಿತನ ಅನ್ನಬೇಡಿ. ಈ ಸಂಘ ಇಪ್ಪತ್ತೈದು ವರ್ಷ ನಡೆದದ್ದು ಅವಳು ಕತ್ತಲಲ್ಲೇ ಎದ್ದು ಹಾಲು ಕರೆದದ್ದರಿಂದ. ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, "ಇದಕ್ಕೆ ಔಷಧಿ ಇದೆಯಾ?" ಅಂತ ಮೊದಲು ನೀವೇ ಕೇಳಿ.