ಬಿದರಿಯ ಬೆಳ್ಳಿ ಕುಸುರಿಗ ಶಾ ರಶೀದ್ ಅಹ್ಮದ್ ಖಾದ್ರಿ
(ಹೈದರಾಬಾದಿನ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಬೀದರು ದೂರದ ಊರಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡನ್ನು ಸೇರುವ ತನಕ ಅದು ಹೈದರಾಬಾದು ರಾಜ್ಯದಲ್ಲಿಯೇ ಇದ್ದಿತು. ನಮ್ಮಲ್ಲಿ ಅನೇಕರ ಮನೆಯ ಗಾಜಿನ ಕಪಾಟಿನಲ್ಲಿ ಮದುವೆಗೆ ಉಡುಗೊರೆಯಾಗಿ ಬಂದ ಬಿದರಿ ಹೂದಾನಿಯೊಂದು ಇದ್ದೇ ಇದೆ. ಕೊಟ್ಟವರ ಹೆಸರು ನಮಗೆ ನೆನಪಿದೆ. ಮಾಡಿದವರ ಹೆಸರನ್ನು ನಾವು ಎಂದಾದರೂ ಕೇಳಿದ್ದೇವೆಯೆ? ಇಲ್ಲ. ಈ ಸಂಜೆ ಅಂಥವರಲ್ಲಿ ಒಬ್ಬರ ಹೆಸರನ್ನಾದರೂ ಹೇಳೋಣ. ಅವರು ಶಾ ರಶೀದ್ ಅಹ್ಮದ್ ಖಾದ್ರಿಯವರು.

1955ರಲ್ಲಿ ಜನಿಸಿದ ಇವರು ಈ ವಿದ್ಯೆಯನ್ನು ತಂದೆಯವರಿಂದಲೇ ಕಲಿತರು. ವಿದ್ಯೆಯೇನೋ ಸುಲಭದ್ದಲ್ಲ. ಹೆಚ್ಚು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಕರಗಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯಬೇಕು. ಅರದಿಂದ ಉಜ್ಜಿ ನಯಗೊಳಿಸಬೇಕು. ಗೆರೆ ಕಾಣುವಂತೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಹೂಬಳ್ಳಿಯನ್ನು ಬರೆದು, ಉಳಿಯಿಂದ ಕೊರೆಯಬೇಕು. ಆ ಸಣ್ಣ ಕಾಲುವೆಗಳಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂರಿಸಿ ಮೆಲ್ಲನೆ ತಟ್ಟಬೇಕು. ಹೂಜಿಯಾಗಲಿ, ಕಿವಿಯ ಓಲೆಯಾಗಲಿ, ಕೆಲಸದ ಕ್ರಮ ಒಂದೇ.

ಕಡೆಗೆ ಉಳಿಯುವುದು ಬಣ್ಣ. ಬೀದರಿನ ಕೋಟೆಯಲ್ಲಿ ಬಹುಕಾಲ ಬಿಸಿಲು ಮಳೆ ಸೋಕದ ಕಡೆಯ ಮಣ್ಣನ್ನು ತಂದು, ನವಸಾಗರದೊಡನೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಬೆಳಗುತ್ತದೆ. ಒಳ್ಳೆಯ ಮಣ್ಣು ಯಾವುದೆಂದು ಬಲ್ಲವರು ನಾಲಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ. ಇದನ್ನು ಪುಸ್ತಕದಿಂದ ಕಲಿಯುವುದೆಂತು? ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

2006ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2011ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಬಿದರಿ ಸಾಗಿತು. 2023ರಲ್ಲಿ ಖಾದ್ರಿಯವರಿಗೆ ಪದ್ಮಶ್ರೀ ಸಂದಿತು. ನಮಗೆ ಇದು ಹೆಮ್ಮೆಯ ಸಂಗತಿ. ಆದರೆ ಮಾನ್ಯತೆ ಕಾಯುವುದು ಊರಿನ ಹೆಸರನ್ನು. ಮಾಡುವವನ ಹೆಸರನ್ನು ಕಾಯಬೇಕಾದವರು ಕೊಳ್ಳುವ ನಾವು. ವಸ್ತುಪ್ರದರ್ಶನದಲ್ಲಿ ನೂರು ರೂಪಾಯಿ ಇಳಿಸಿಕೊಂಡೆವೆಂದು ನಾವು ಸಂತೋಷಪಡುತ್ತೇವೆ. ಆ ನೂರು ರೂಪಾಯಿ ಕಡಮೆಯಾಗುವುದು ಬೆಳ್ಳಿಯ ಬೆಲೆಯಲ್ಲಲ್ಲ, ಕೈಯ ಕೂಲಿಯಲ್ಲಿ. ಕೂಲಿ ಗಿಟ್ಟದ ಕಸುಬಿಗೆ ಮಗನನ್ನು ಯಾವ ತಂದೆ ಕೂರಿಸಿಯಾನು?

ಬಿದರಿಯವರ ಅನೇಕ ಮನೆಗಳ ಮಾತು ಉರ್ದು. ಆದರೂ ಅವರ ಕೈಗೆಲಸ ಕನ್ನಡ ನಾಡಿನ ಮಣ್ಣಿನಿಂದಲೇ ಬಣ್ಣ ಪಡೆಯುತ್ತದೆ. ಪರಭಾಷೆಯ ನಡುವೆ ಬಾಳುತ್ತಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ರಜೆಯಲ್ಲಿ ಮಕ್ಕಳನ್ನು ಬೀದರಿಗೆ ಕರೆದೊಯ್ಯೋಣ. ಕೋಟೆಯನ್ನು ನೋಡಿದ ಮೇಲೆ, ಉಳಿಯ ಸದ್ದು ಕೇಳುವ ಒಂದು ಓಣಿಗೂ ಹೋಗೋಣ. ಏನನ್ನಾದರೂ ಕೊಂಡರೆ, ಮಾಡಿದವರ ಹೆಸರನ್ನು ಕೇಳಿ, ಒಂದು ಚೀಟಿಯಲ್ಲಿ ಬರೆದು, ಅದರ ಕೆಳಗಿಟ್ಟು ಬರೋಣ.