ನಿಪ್ಪಾಣಿ 1981: ಹೆದ್ದಾರಿ ಮೇಲೆ ಕೂತ ತಂಬಾಕು ರೈತರು

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ ಹೋಗಿದ್ದೀರಾ? ಈಗ ಅಲ್ಲಿ ಗಾಡಿಗಳು ನಿಲ್ಲೋದೇ ಇಲ್ಲ. ಆದ್ರೆ 1981ರ ಮಾರ್ಚ್‌ನಲ್ಲಿ ನಮ್ಮ ಚಿಕ್ಕೋಡಿ-ನಿಪ್ಪಾಣಿ ಭಾಗದ ತಂಬಾಕು ಬೆಳೆಗಾರರು ಅದೇ ರಸ್ತೆಯನ್ನು ಮೂರು ವಾರಕ್ಕೂ ಹೆಚ್ಚು ದಿನ ಬಂದ್ ಮಾಡಿದ್ರು. ರಸ್ತೆ ಮೇಲೇ ಒಲೆ, ಅಲ್ಲೇ ಊಟ, ಅಲ್ಲೇ ನಿದ್ದೆ.

ಮಾರ್ಚ್ ಯಾಕೆ ಅಂತ ಕೇಳ್ತೀರಿ. ಬೀಡಿ ತಂಬಾಕಿನ ಲೆಕ್ಕ ಹಾಗಿದೆ ನೋಡ್ರಿ. ಮಳೆಗಾಲದಲ್ಲಿ ಸಸಿ ನಾಟಿ, ಕುಡಿ ಚಿವುಟಿ, ಚಳಿಗಾಲ ಮುಗಿಯೋ ಹೊತ್ತಿಗೆ ಕಟಾವು ಮಾಡಿ ಬಿಸಿಲಲ್ಲಿ ಒಣಗಿಸ್ತಾರೆ. ಮಾಲು ಕೈಗೆ ಬರೋದೂ, ಸಾಲಗಾರ ಬಾಗಿಲಿಗೆ ಬರೋದೂ ಒಂದೇ ಹೊತ್ತಿಗೆ. ರೈತ ಕಾಯೋ ಹಾಗಿಲ್ಲ, ವ್ಯಾಪಾರಿ ಕಾಯಬಲ್ಲ. ವರ್ಜೀನಿಯಾ ತಂಬಾಕಿಗೆ 1976ರಿಂದ ತಂಬಾಕು ಮಂಡಳಿ ಇತ್ತು. ಬೀಡಿ ತಂಬಾಕು ಅದರ ವ್ಯಾಪ್ತಿಯಲ್ಲಿ ಇರಲಿಲ್ಲ. ಎಲೆ ಚಲೋನೋ ಕೆಟ್ಟದ್ದೋ, ಅದಕ್ಕೆ ಎಷ್ಟು ಕೊಡಬೇಕು, ಎಲ್ಲಾ ಹೇಳೋನು ಖರೀದಿದಾರನೇ.

ಈ ಹೋರಾಟದ ಮುಂದಾಳು ಶರದ್ ಜೋಶಿ. ಸ್ವಿಟ್ಜರ್ಲೆಂಡ್‌ನ ಬರ್ನ್‌ನಲ್ಲಿ ಅಂತಾರಾಷ್ಟ್ರೀಯ ಅಂಚೆ ಸಂಸ್ಥೆಯ ಕೆಲಸ ಬಿಟ್ಟು, ಪುಣೆ ಹತ್ತಿರ ಹೊಲ ಮಾಡಿ, ಶೇತ್ಕರಿ ಸಂಘಟನೆ ಕಟ್ಟಿದವರು. 1980ರಲ್ಲಿ ಚಾಕಣದ ಈರುಳ್ಳಿಗೆ, ಆಮೇಲೆ ನಾಸಿಕ್‌ನ ಕಬ್ಬಿಗೆ ಹೋರಾಡಿ ಇಲ್ಲಿಗೆ ಬಂದಿದ್ರು. "ಸಾಲ ಮನ್ನಾ ಮಾಡಿ" ಅಂತ ಕೈಮುಗಿಯೋದಕ್ಕಿಂತ ಬೆಳೆದ ಖರ್ಚಿಗೆ ತಕ್ಕ ಬೆಲೆ ಕೇಳಬೇಕು ಅನ್ನೋದು ಅವರ ವಾದ. ಊರಿನ ಕಡೆಯಿಂದ ನಿಂತವರು ಸುಭಾಷ್ ಜೋಶಿ. ಮುಂದೆ ನಿಪ್ಪಾಣಿಯ ಶಾಸಕರೂ ಆದರು.

ನನಗೆ ಮುಖ್ಯ ಅನ್ಸೋದು ಬೇರೆ. ಅದೇ ಹೊತ್ತಿಗೆ ನಿಪ್ಪಾಣಿಯ ವಖಾರಿಗಳಲ್ಲಿ ತಂಬಾಕು ಜರಡಿ ಹಿಡಿಯೋ ಹೆಣ್ಣುಮಕ್ಕಳೂ ಸಂಘ ಕಟ್ಟಿದ್ರು. ಇಡೀ ದಿನ ಧೂಳು, ಕೆಮ್ಮು, ಕೈಗೆ ಪುಡಿಗಾಸು. 1982ರಲ್ಲಿ ಯುಗಾಂತರ್ ತಂಡ ಅವರ ಬಗ್ಗೆ ಸಾಕ್ಷ್ಯಚಿತ್ರವನ್ನೂ ಮಾಡ್ತು. ಸುಭಾಷ್ ಜೋಶಿ ಆ ಸಂಘದಲ್ಲೂ ಇದ್ರು. ಕೂಲಿ ಹೆಚ್ಚು ಕೊಟ್ರೆ ರೈತನಿಗೆ ಬೆಲೆ ಕಮ್ಮಿ ಆಗುತ್ತೆ ಅಂತ ಇಬ್ಬರನ್ನೂ ಎದುರುಬದುರು ನಿಲ್ಲಿಸೋದು ಸುಲಭ ಇತ್ತು. ಎಲೆ ಕೊಳ್ಳೋನೂ, ಕೂಲಿ ಕೊಡೋನೂ ಒಬ್ಬನೇ ವ್ಯಾಪಾರಿ ಅನ್ನೋದು ಮೊದಲು ಕಾಣಬೇಕಿತ್ತು. ಗಡಿ ಜಗಳದ ಊರಲ್ಲಿ ಕನ್ನಡ, ಮರಾಠಿ ಮಾತಾಡೋರು ಒಂದೇ ಟಾರ್ ರಸ್ತೆ ಮೇಲೆ ಕೂತಿದ್ದೂ ಸಣ್ಣ ಮಾತಲ್ಲ.

ಏಪ್ರಿಲ್ 6ರಂದು ಪೊಲೀಸರು ರಸ್ತೆ ತೆರವು ಮಾಡೋಕೆ ಬಂದ್ರು. ಗುಂಡು ಹಾರಿತು, ರೈತರು ಸತ್ತರು. ನರಗುಂದ, ನವಲಗುಂದದಲ್ಲಿ ಗುಂಡು ಹಾರಿ ಒಂದು ವರ್ಷವೂ ಆಗಿರಲಿಲ್ಲ. ಎರಡೂ ಸಲ ಮುಖ್ಯಮಂತ್ರಿ ಗುಂಡೂರಾವ್. 1983ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿದ್ದಕ್ಕೆ ರೈತರ ಸಿಟ್ಟೂ ಒಂದು ಕಾರಣ ಅಂತಾರೆ. ನಾನೂ ಒಪ್ತೀನಿ.

ಈಗ ರಾಯಬಾಗ, ಅಥಣಿ, ಕಾಗವಾಡ ಕಡೆ ಹೋದ್ರೆ ಕಣ್ಣಿಗೆ ಕಾಣೋದು ಕಬ್ಬು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆ ಮೇಲೆ ಕೂತ್ರು, ಸರ್ಕಾರ 3,300ಕ್ಕೆ ಒಪ್ಪಿಸಿತು. ಕಬ್ಬು ಕಡಿಯೋ ಗ್ಯಾಂಗಿನವರ ಕೂಲಿ ಆ ಮಾತುಕತೆಯಲ್ಲಿ ಎಷ್ಟು ಬಂತು? ನಿಮ್ಮೂರಲ್ಲಿ ಕಬ್ಬು ಇದ್ರೆ ಕೇಳಿ ನೋಡ್ರಿ.