ಹಳೇಬೀಡಿನ ಗರುಡಗಂಬ

ಷೋಡಶ ಸಂಸ್ಕಾರಗಳಲ್ಲಿ ಕಡೆಯದು ಅಂತ್ಯೇಷ್ಟಿ. ಅದನ್ನು ಸತ್ತವನಿಗೆ ಮಗನೋ ಬಂಧುವೋ ಮಾಡುತ್ತಾನೆ; ದೇಹವೇ ಅಗ್ನಿಗೆ ಕೊಡುವ ಕೊನೆಯ ಆಹುತಿ ಎಂಬ ಭಾವ.

ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಬೇರೆ ಬಗೆಯ ಆಹುತಿಯನ್ನು ಹೇಳುತ್ತದೆ. ವಿಷ್ಣು ದೇಗುಲಗಳ ಮುಂದೆ ಕಾಣುವ ಗರುಡಗಂಬವಲ್ಲ ಇದು. ಒಡೆಯನೊಡನೆ ಸಾಯುವ ವ್ರತ ತೊಟ್ಟ ಅಂಗರಕ್ಷಕರೇ ಇಲ್ಲಿ ‘ಗರುಡರು’. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಕುವರ ಲಕ್ಷ್ಮ, ಹೆಂಡತಿ ಸುಗ್ಗಲದೇವಿಯೊಡನೆ ಪ್ರಾಣ ಬಿಟ್ಟ. ತಮ್ಮ ತಲೆಯನ್ನು ತಾವೇ ಅರ್ಪಿಸುವ ವೀರರ ಶಿಲ್ಪಗಳು ಕಂಬದ ಮೇಲಿವೆ. ಬೇಲೂರಿನ ಮದನಿಕೆಯರನ್ನು ನೋಡಿ ಬಂದ ಕಣ್ಣಿಗೆ ಇವು ಬೀಳುವುದೇ ಅಪರೂಪ.

ಉಪನಯನ, ವಿವಾಹಗಳು ಮನುಷ್ಯನನ್ನು ಬದುಕಿ ತೀರಿಸುವ ಋಣಕ್ಕೆ ಕಟ್ಟುತ್ತವೆ. ಗರುಡನ ವ್ರತ ಸತ್ತು ತೀರಿಸುವ ಋಣ. ಶಾಸ್ತ್ರಕಾರರು ಆತ್ಮಹತ್ಯೆಯನ್ನು ಪಾಪವೆಂದರೂ ಅರಸೊತ್ತಿಗೆ ಅದನ್ನೇ ಕಲ್ಲಿನಲ್ಲಿ ಕಡೆಸಿ ಮೆರೆಸಿತು. ಒಡೆಯನ ಅನ್ನ ಉಂಡವನು ಲಕ್ಷ್ಮ, ಸರಿ. ಸುಗ್ಗಲದೇವಿ ಯಾರ ಋಣ ತೀರಿಸಿದಳು?